ಕೊಬ್ಬರಿ ಎಣ್ಣೆ ಕುಡಿದ ಕ್ಲಿಪ್ಪರ್

ಮೋತಿಯ ಬೆನ್ನಿನ ಮೇಲೆ ಕ್ಲಿಪ್ಪರ್ ಇಟ್ಟು ಇನ್ನೂ ಒಂದು ಗೇಣು ತಳ್ಳಿರಲಿಲ್ಲ, ಅದು ಕೂದಲು ಕತ್ತರಿಸುವುದನ್ನು ಬಿಟ್ಟು ಕಚ್ಚಿ ಹಿಡಿಯಿತು. ನಾಯಿ ಕಿರುಚಲಿಲ್ಲ. ತಲೆಯನ್ನು ನೆಲಕ್ಕೆ ಒತ್ತಿಕೊಂಡು ಮೈಯನ್ನೆಲ್ಲ ಬಿಗಿ ಮಾಡಿ ನಡುಗಿತು. ಕಿರುಚಿದ್ದರೇ ವಾಸಿಯಿತ್ತು, ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಸ್ವಿಚ್ ಆರಿಸಿ, ಸಿಕ್ಕಿಕೊಂಡಿದ್ದ ಕೂದಲನ್ನು ಕತ್ತರಿಯಿಂದ ಬಿಡಿಸಿ, ಬ್ಲೇಡನ್ನು ನನ್ನ ಮಣಿಕಟ್ಟಿಗೆ ಮುಟ್ಟಿಸಿಕೊಂಡೆ. ಬಿಸಿ ಕಾವಲಿಯ ಅಂಚು ತಗುಲಿದ ಹಾಗಾಯಿತು. ಇಂಥದ್ದನ್ನು ಆ ಮುದಿ ನಾಯಿಯ ಮೈಮೇಲೆ ಓಡಿಸುತ್ತಿದ್ದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ನಾವು ಕೂತಿದ್ದದ್ದು ರಾಮನಗರದ ಒಂದು ಸಣ್ಣ ಘಟಕದ ಹಿತ್ತಿಲಲ್ಲಿ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಘಟಕ ಅದು. ಅಣ್ಣತಮ್ಮಂದಿರಿಬ್ಬರು ಸೇರಿ ನಡೆಸುತ್ತಾರೆ. ಮೋತಿ ತಮ್ಮನ ನಾಯಿ. ಹಿಂದಿನ ಮಳೆಗಾಲದಲ್ಲಿ ಕೆಂಗಲ್ ಹತ್ತಿರ ಹೆದ್ದಾರಿ ಪಕ್ಕದಲ್ಲಿ ನೆನೆದು ಕೂತಿತ್ತಂತೆ. ದುಡ್ಡು ಕೊಟ್ಟು ಕೊಳ್ಳುವಂಥ ಉದ್ದಗೂದಲಿನ ಜಾತಿ, ವಯಸ್ಸಾದ ಮೇಲೆ ಯಾರೋ ಇಳಿಸಿ ಹೋಗಿದ್ದಾರೆ. ಇವರು ಗೂಡಿನ ಚೀಲಗಳ ಜೊತೆ ಆಟೋದಲ್ಲಿ ಹಾಕಿಕೊಂಡು ಬಂದರು. ನೂಲು ತೆಗೆದ ಮೇಲೆ ಉಳಿಯುವ ಬೆಂದ ಹುಳ ತಿಂದುಕೊಂಡು ಹಿತ್ತಿಲಲ್ಲೇ ಬದುಕಿಕೊಂಡಿತು. ಆದರೆ ಕೂದಲು ಗಂಟುಗಂಟಾಗಿ, ಒಂದಕ್ಕೊಂದು ಹೆಣೆದುಕೊಂಡು, ತುಳಿದ ಕಂಬಳಿಯ ಹಾಗೆ ಮೈಗೆ ಅಂಟಿಬಿಟ್ಟಿತ್ತು. ಮುಖದ ಮೇಲೂ ಅದೇ ಕಂಬಳಿ. ಕಣ್ಣು ಎಲ್ಲಿದೆ ಅಂತಲೇ ತಿಳಿಯುತ್ತಿರಲಿಲ್ಲ. ಗೋಡೆಗೆ, ಬಕೆಟ್ಟಿಗೆ, ಜನರ ಕಾಲಿಗೆ ಡಿಕ್ಕಿ ಹೊಡೆದುಕೊಂಡು ಓಡಾಡುತ್ತಿತ್ತು. ಎಲ್ಲರೂ ಅದನ್ನು ಕುರುಡು ನಾಯಿ ಅಂತಲೇ ಕರೆಯುತ್ತಿದ್ದರು.

ಬಾಯ್ಲರ್ ರಿಪೇರಿಗೆ ಅಂತ ಘಟಕ ಆಗ ನಿಂತಿತ್ತು. ನಾಡಿದ್ದು ಮತ್ತೆ ಶುರು. ಅಣ್ಣನಾದವರು ಮೊದಲೇ ನನಗೆ ಹೇಳಿಬಿಟ್ಟಿದ್ದರು.

"ನೋಡಕ್ಕ, ನಂಗೂ ಅದ್ರ ಮೇಲೆ ದ್ವೇಷ ಇಲ್ಲ. ಆದ್ರೆ ಗೂಡು ಬೇಯ್ಸೋ ಬೇಸಿನ್ ಹಚ್ಚುದ್ಮೇಲೆ ಇಲ್ಲೆಲ್ಲ ಕುದಿಯೋ ನೀರು. ಹೆಣ್ಮಕ್ಕಳು ಕೂತಿರ್ತಾರೆ. ಕಣ್ಣು ಕಾಣ್ದಿರೋ ನಾಯಿ ಕಾಲಿಗೆ ಸಿಕ್ಕುದ್ರೆ ಅದೂ ಬೇಯ್ತದೆ, ಅವ್ರೂ ಬೇಯ್ತಾರೆ. ಮಾಗಡಿ ಕಡೆ ಗೊತ್ತಿರೋರ ತೋಟ ಐತೆ, ಅಲ್ಲಿ ಬುಟ್ಟು ಬಂದ್ಬುಡಣ."

ಆ ತೋಟದ ಸುತ್ತ ಚಿರತೆ ಓಡಾಡುತ್ತದೆ. ಕಣ್ಣಿರುವ ನಾಯಿಗಳೇ ಅಲ್ಲಿ ಉಳಿಯುವುದು ಕಷ್ಟ. ಇದು ಅಣ್ಣನಿಗೂ ಗೊತ್ತಿತ್ತು, ತಮ್ಮನಿಗೂ ಗೊತ್ತಿತ್ತು, ಇಬ್ಬರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ತಮ್ಮನಾದವರು ನಾಯಿಯನ್ನು ಪಶು ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದರು. ಮುಖದ ಕೂದಲು ಪೂರ್ತಿ ತೆಗೆಯದೆ ಕಣ್ಣು ಉಳಿದಿದೆಯೋ ಹೋಗಿದೆಯೋ ಹೇಳಲಾಗದು ಅಂದರಂತೆ ಡಾಕ್ಟರು. ಎದೆ ಬಡಿತ ಸರಿಯಿಲ್ಲ, ಮಂಪರಿನ ಇಂಜೆಕ್ಷನ್ ಕೊಟ್ಟರೆ ಎಚ್ಚರವಾಗದೇ ಹೋದೀತು, ಎಚ್ಚರವಾಗಿರುವಾಗಲೇ ನಿಧಾನಕ್ಕೆ ತೆಗೆಸಿ ಅಂತಲೂ ಹೇಳಿದ್ದರು. ಊರೂರಿಗೆ ಹೋಗಿ ನಾಯಿಗಳ ಕೂದಲು ಕತ್ತರಿಸುವುದು ನನ್ನ ಕಸುಬು, ಹಾಗೆ ಕೆಲಸ ನನ್ನ ಹತ್ತಿರ ಬಂತು. ಎಳೆಯದ, ಕಾಯದ, ಸದ್ದು ಮಾಡದ ಕ್ಲಿಪ್ಪರ್ ಬೇಕಾಗಿತ್ತು. ನನ್ನದು ಆವತ್ತು ಈ ಮೂರನ್ನೂ ಮಾಡುತ್ತಿತ್ತು.

"ಭಾಯ್, ಮಿಷನ್ ಸರಿಯಿಲ್ಲ. ನೋಡ್ಕಂಡು ನಾಳೆ ಬತ್ತೀನಿ," ಅಂದೆ.

ತಮ್ಮನಾದವರು ಮೋತಿಯ ಬೆನ್ನು ಸವರುತ್ತಾ, "ನಾಳೆ ಒಂದೇ ದಿನ ಇರೋದು ಅಕ್ಕ," ಅಂದರು.

ನಮ್ಮೂರು ಹೊಂಗನೂರಿನ ಕಡೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಕ್ಲಿಪ್ಪರನ್ನು ಮನಸ್ಸಿನಲ್ಲೇ ಬಯ್ದುಕೊಂಡು ಬಂದೆ. ಇನ್ನೊಂದು ಜೊತೆ ಬ್ಲೇಡು ಸಾಣೆಗೆ ಅಂತ ಬೆಂಗಳೂರಿಗೆ ಹೋಗಿತ್ತು, ಅದು ಸದ್ಯಕ್ಕೆ ಬರುವಂತಿರಲಿಲ್ಲ. ಮನೆ ತಲುಪುವಷ್ಟರಲ್ಲಿ ಮಧ್ಯಾಹ್ನ. ಜಗಲಿಯ ಬಿಸಿಲಲ್ಲಿ ಕೂತು ಪ್ಲಗ್ ಹಾಕಿದೆ. ಗುಂಯ್ ಅಂದಿತು, ಆದರೆ ದನಿಯಲ್ಲಿ ಕಸುವಿರಲಿಲ್ಲ.

ನನ್ನದು ಹಳೇ ಮಾದರಿಯ ವೈರಿನ ಕ್ಲಿಪ್ಪರ್. ಹೊಟ್ಟೆಯೊಳಗೆ ತಂತಿಯ ಸುರುಳಿ, ಅದರ ಎದುರಿಗೆ ಕಬ್ಬಿಣದ ಒಂದು ತೋಳು. ಕರೆಂಟ್ ಬಂದಾಗ ಸುರುಳಿ ಅಯಸ್ಕಾಂತವಾಗಿ ತೋಳನ್ನು ಎಳೆಯುತ್ತದೆ, ಸ್ಪ್ರಿಂಗು ಹಿಂದಕ್ಕೆ ಕಳಿಸುತ್ತದೆ. ಆ ತೋಳಿನ ತುದಿಯಲ್ಲಿ ಮೇಲಿನ ಬ್ಲೇಡು ಅತ್ತಿತ್ತ ಓಡುತ್ತದೆ, ಕೆಳಗಿನ ಬ್ಲೇಡು ಅಲುಗಾಡುವುದಿಲ್ಲ. ಇಷ್ಟೇ. ಮೊದಲ ಸಲ ಬಿಚ್ಚಿ ನೋಡಿದಾಗ, ಇಷ್ಟೇನಾ ಅಂತ ಬಾಯಿ ತೆರೆದುಕೊಂಡು ಕೂತಿದ್ದೆ. ಕಣ್ಣಿಗೆ ಕಾಣದ ಕರೆಂಟು ಒಂದು ಸೆಕೆಂಡಿನಲ್ಲಿ ಅಷ್ಟು ಸಲ ದಿಕ್ಕು ಬದಲಿಸುತ್ತದೆ, ಅದರ ತಾಳಕ್ಕೆ ಈ ಕಬ್ಬಿಣ ಕುಣಿಯುತ್ತದೆ. ಈಗಲೂ ಬಿಚ್ಚಿದಾಗಲೆಲ್ಲ ಒಂದು ನಿಮಿಷ ಸುಮ್ಮನೆ ನೋಡುತ್ತೇನೆ.

ವೋಲ್ಟೇಜ್ ಕಡಿಮೆಯಾದರೆ ತೋಳಿನ ಓಟ ಚಿಕ್ಕದಾಗುತ್ತದೆ. ಅದಕ್ಕೆ ಪಕ್ಕದಲ್ಲಿ ಒಂದು ತಿರುಪು ಇದೆ. ಮಿಷನ್ ಓಡುತ್ತಿರುವಾಗಲೇ ಅದನ್ನು ಬಿಗಿ ಮಾಡುತ್ತಾ ಹೋಗಬೇಕು. ತೋಳು ಸುರುಳಿಗೆ ಬಡಿದು ಕಟಕಟ ಅನ್ನುತ್ತದೆ. ಆಮೇಲೆ ಆ ಸದ್ದು ನಿಲ್ಲುವವರೆಗೆ ಮಾತ್ರ ಸಡಿಲಿಸಬೇಕು. ಹಾಗೆ ಮಾಡಿದೆ. ದನಿ ತುಂಬಿಕೊಂಡಿತು. ನಮ್ಮ ಮೇಕೆಯ ಬಾಲದ ತುದಿಯಲ್ಲಿ ಒಂಚೂರು ಪ್ರಯೋಗ ಮಾಡಿದೆ, ಚೆನ್ನಾಗಿಯೇ ಕತ್ತರಿಸಿತು. ಎಲ್ಲ ಕರೆಂಟಿನ ಆಟ ಅಂದುಕೊಂಡು ರಾಮನಗರಕ್ಕೆ ಫೋನ್ ಮಾಡಿ, "ಸರಿಹೋಯ್ತು ಭಾಯ್, ಬೆಳಗ್ಗೆ ಬತ್ತೀನಿ," ಅಂತ ಜಂಬದಿಂದ ಹೇಳಿದೆ.

ಬೆಳಗ್ಗೆ ಹೊರಡುವ ಮುಂಚೆ ಸುಮ್ಮನೆ ಒಂದು ಸಲ ಹಾಕಿ ನೋಡಿದೆ. ಮತ್ತೆ ಅದೇ ರಾಗ. ಬ್ಲೇಡು ನಿದ್ದೆಗಣ್ಣಲ್ಲಿ ಎದ್ದವರ ಹಾಗೆ ತೆವಳುತ್ತಿತ್ತು. ತಿರುಪು ಹಾಗೇ ಇದೆ, ಕರೆಂಟು ಚೆನ್ನಾಗಿದೆ, ಬಲ್ಬು ಝಗಝಗ ಉರಿಯುತ್ತಿದೆ. ಜಗಲಿಯ ಮೇಲೆ ಕೂತು ಅಳುವುದೊಂದು ಬಾಕಿ.

ಅಷ್ಟರಲ್ಲಿ ನಮ್ಮತ್ತೆ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಬಾಟಲಿಯನ್ನು ತಂದು, ನನ್ನ ಪಕ್ಕದಲ್ಲೇ ಎಳೆಬಿಸಿಲಿಗೆ ಇಟ್ಟರು. ಚಳಿಗಾಲದಲ್ಲಿ ದಿನವೂ ಇಡುತ್ತಾರೆ. ಎಣ್ಣೆ ಬೆಳ್ಳಗೆ ಕಲ್ಲಾಗಿತ್ತು. ಬಾಟಲಿ ನೋಡಿದೆ, ಕ್ಲಿಪ್ಪರ್ ನೋಡಿದೆ, ಮತ್ತೆ ಬಾಟಲಿ ನೋಡಿದೆ.

ಆ ಕ್ಲಿಪ್ಪರಿಗೆ ಕೆಲವು ತಿಂಗಳಿಂದ ನಾನು ಬಿಡುತ್ತಿದ್ದದ್ದು ಕೊಬ್ಬರಿ ಎಣ್ಣೆ. ಸುಮ್ಮಸುಮ್ಮನೆ ಅಲ್ಲ. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳುವಿನ ಮೂಗು ನಮ್ಮ ಮೂಗಿನ ಹಾಗಲ್ಲ. ಬೀಡಿ ಸೇದಿದವರನ್ನು ಒಳಗೆ ಬಿಡುವುದಿಲ್ಲ, ಸೊಳ್ಳೆ ಬತ್ತಿ ಹಚ್ಚುವಂತಿಲ್ಲ, ನಾಯಿಗಳ ಮೈಮೇಲಿನ ಉಣ್ಣೆ, ಚಿಗಟ ಕೊಲ್ಲುವ ಔಷಧಿ ನಮ್ಮ ಹೊಸಿಲು ದಾಟುವಂತೆಯೇ ಇಲ್ಲ. ಕ್ಲಿಪ್ಪರಿನ ಜೊತೆ ಬಂದಿದ್ದ ಎಣ್ಣೆ ವಾಸನೆ ಅತ್ತೆಗೆ ಆಗಲಿಲ್ಲ. ಕೊಬ್ಬರಿ ಎಣ್ಣೆಯಾದರೆ ಯಾರಿಗೂ ತೊಂದರೆ ಇಲ್ಲ ಅಂದುಕೊಂಡು ಅದನ್ನೇ ಎರಡೆರಡು ಹನಿ ಬಿಡುತ್ತಾ ಬಂದೆ. ಹುಳುವಿಗೆ ತೊಂದರೆ ಆಗಲಿಲ್ಲ ನಿಜ. ಮಧ್ಯಾಹ್ನದ ಬಿಸಿಲಲ್ಲಿ ಕರಗಿ ಕ್ಲಿಪ್ಪರ್ ಓಡುತ್ತಿತ್ತು, ಬೆಳಗಿನ ಚಳಿಗೆ ಎಣ್ಣೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು. ನಿನ್ನೆ ಮೋತಿಯ ಮೇಲೆ ಇಟ್ಟದ್ದೂ ಬೆಳಗ್ಗೆಯೇ. ಗಟ್ಟಿ ಎಣ್ಣೆಯನ್ನು ತಳ್ಳಿಕೊಂಡು ಓಡಿ ಓಡಿ ಬ್ಲೇಡು ಕಾದಿತ್ತು.

ಅದನ್ನು ತೊಳೆಯಬೇಕು. ತೊಳೆಯಲು ಸೀಮೆಎಣ್ಣೆಗಿಂತ ಒಳ್ಳೆಯದಿಲ್ಲ. ಅಲ್ಲಿಗೆ ಕತೆ ಮುಗಿದ ಹಾಗೇ ಆಯಿತು, ಯಾಕೆಂದರೆ ಹುಳುಗಳು ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಕೊನೆಯ ಹಂತದ ಮೇವು ತಿನ್ನುತ್ತಿದ್ದವು. ಬಾಯಿ ತೆರೆಯುವ ಮೊದಲೇ ಅತ್ತೆಗೆ ಗೊತ್ತಾಯಿತು.

"ಅಮ್ಮಿ, ಆ ವಾಸ್ನೆ ಎಲ್ಲ ಈ ಕಡೀಕೆ ತರ್ಬ್ಯಾಡ ಕಣವ್ವ. ಇನ್ನೊಂದೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ತವೆ. ಈಗೇನಾರ ಆದ್ರೆ ಇಷ್ಟು ದಿನ ಎದ್ದುಬಿದ್ದು ಸಾಕಿದ್ದು ಮಣ್ಣುಪಾಲು."

"ಆ ನಾಯಿಗೆ ಇವತ್ತೊಂದೇ ದಿನ ಐತೆ ಅತ್ತೆ."

ಅತ್ತೆ ಬಾಟಲಿಯನ್ನು ಬಿಸಿಲಿಗೆ ತಿರುಗಿಸಿಟ್ಟರು. "ಹಂಗಾರೆ ಅಲ್ಲಿಗೇ ತಕಂಡೋಗಿ ತೊಳ್ಕ. ಬಂದ್ಮೇಲೆ ಹಿತ್ಲಲ್ಲೇ ಸ್ನಾನ ಮಾಡ್ಕಂಡು ಬಾ. ಸೀರೆ ಒಳೀಕೆ ತರ್ಬ್ಯಾಡ," ಅಂದರು.

ಗಿರಾಕಿಯ ಕಣ್ಣೆದುರಿಗೆ ಕೆಟ್ಟ ಮಿಷನ್ ಬಿಚ್ಚಿಕೊಂಡು ಕೂರುವುದು ನಮ್ಮ ಕೆಲಸದಲ್ಲಿ ಮರ್ಯಾದೆಯಲ್ಲ. ಡಾಕ್ಟರು ಆಪರೇಷನ್ ಮಾಡುವ ಮುಂಚೆ ರೋಗಿಯ ಎದುರು ಚಾಕು ಮಸೆದ ಹಾಗೆ. ಆದರೂ ಹೋಗುವುದು ಅಂತ ತೀರ್ಮಾನ ಮಾಡಿದೆ. ಬ್ಯಾಗು ತರಲು ಒಳಗೆ ಹೋದಾಗ ಹುಳುಮನೆಯ ಬಾಗಿಲ ಪರದೆಯಾಚೆಗೆ ಸದ್ದು ಕೇಳಿಸಿತು. ಸಾವಿರಾರು ಹುಳು ಒಟ್ಟಿಗೆ ಸೊಪ್ಪು ತಿನ್ನುವ ಸದ್ದು. ದಿನಾ ಕೇಳುವುದೇ, ಆವತ್ತು ಮಾತ್ರ ನಿಂತುಬಿಟ್ಟೆ. ಹುಳುವಿನ ದವಡೆಯೂ ಕ್ಲಿಪ್ಪರಿನ ಹಾಗೇ ಅಡ್ಡಡ್ಡ ಓಡುತ್ತದೆ. ಎಲೆಯ ಅಂಚನ್ನು ಹಿಡಿದು ಮೇಲಿಂದ ಕೆಳಕ್ಕೆ ಕತ್ತರಿಸುತ್ತಾ ಬರುತ್ತದೆ. ಅದಕ್ಕೆ ಎಣ್ಣೆ ಬಿಡುವವರಿಲ್ಲ, ಸಾಣೆ ಹಿಡಿಯುವವರಿಲ್ಲ, ಒಂದು ದಿನವೂ ಮೊಂಡಾಗುವುದಿಲ್ಲ. ಇಷ್ಟು ವರ್ಷ ಇವುಗಳ ಜೊತೆ ಬದುಕಿದ್ದರೂ ನನಗೆ ಹೊಳೆದಿರಲಿಲ್ಲ.

ರಾಮನಗರದಲ್ಲಿ ತಮ್ಮನಾದವರು ಹಿತ್ತಿಲಲ್ಲಿ ಚಾಪೆ ಹಾಸಿಟ್ಟಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೊಬ್ಬರಿ ಎಣ್ಣೆ ಅಂದಾಗ ಅವರು ನಗಲಿಲ್ಲ, ಅಣ್ಣ ನಕ್ಕರು. "ಮಿಷನ್‌ಗೂ ತಲೆ ಬಾಚ್ತಿದ್ರಾ ಅಕ್ಕ?" ಅಂದರು. ಅಂದವರೇ ಒಳಗೆ ಹೋಗಿ ನೂಲಿನ ಯಂತ್ರ ಒರೆಸಲು ಇಟ್ಟಿದ್ದ ಸೀಮೆಎಣ್ಣೆ ಒಂದು ಡಬ್ಬಿ, ಮಿಷನ್ ಎಣ್ಣೆ ಒಂದು ಬಾಟಲಿ ತಂದಿಟ್ಟು ಹೋದರು.

ಎರಡು ತಿರುಪು ಬಿಚ್ಚಿ ಬ್ಲೇಡುಗಳನ್ನು ಬೇರೆ ಮಾಡಿ, ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಎಣ್ಣೆ, ಕೂದಲು, ಹೊಟ್ಟು ಸೇರಿ ಕಂದು ಬಣ್ಣದ ಅಂಟಾಗಿತ್ತು. ಅದು ಹೋದ ಮೇಲೆ ಕೆಳಗಿದ್ದದ್ದು ಕಂಡಿತು. ಎರಡು ಬ್ಲೇಡುಗಳು ಒಂದಕ್ಕೊಂದು ಉಜ್ಜುವ ಮುಖದ ಮೇಲೆ ಸಾಸಿವೆ ಚೆಲ್ಲಿದ ಹಾಗೆ ತುಕ್ಕಿನ ಚುಕ್ಕೆ. ನಿನ್ನೆ ಬ್ಲೇಡು ಅಷ್ಟು ಬೇಗ ಕಾದದ್ದಕ್ಕೆ ಇದೂ ಕಾರಣ. ನೀರು ಸೋಕಿಸದೆ ಇಟ್ಟ ಬ್ಲೇಡಿಗೆ ತುಕ್ಕು ಹೇಗೆ? ಉಜ್ಜುತ್ತಾ ಉಜ್ಜುತ್ತಾ ನೆನಪಾಯಿತು. ಕ್ಲಿಪ್ಪರಿನ ಡಬ್ಬ ಇರುವುದು ನಮ್ಮ ಉಗ್ರಾಣದ ಶೆಲ್ಫಿನಲ್ಲಿ. ಅದರ ಕೆಳಗೇ ಹುಳುಮನೆ ತೊಳೆಯಲು ತಂದ ಬ್ಲೀಚಿಂಗ್ ಪೌಡರ್ ಚೀಲ ಬಾಯಿ ತೆರೆದುಕೊಂಡಿರುತ್ತದೆ. ಆ ಘಾಟು ಕಬ್ಬಿಣವನ್ನು ತಿನ್ನುತ್ತದೆ. ಹುಳುವಿಗೆ ಎಂದು ಮಾಡಿದ ಎರಡು ಕೆಲಸ ಕ್ಲಿಪ್ಪರಿನ ಎರಡು ಕಣ್ಣನ್ನೂ ತೆಗೆದಿದ್ದವು.

ಬ್ಲೇಡಿಗೆ ಸರಿಯಾದ ಸಾಣೆ ಕೊಡುವುದು ಅದರದೇ ಚಕ್ರ ಇರುವವರ ಕೆಲಸ. ಮನೆಯಲ್ಲಿ ಮಾಡುವುದು ಏನಿದ್ದರೂ ತಾತ್ಕಾಲಿಕ. ದಪ್ಪ ಗಾಜಿನ ಹಲಗೆ ಬೇಕು. ಗಾಜಿನಷ್ಟು ಸಮತಟ್ಟಾದದ್ದು ಮನೆಯಲ್ಲಿ ಬೇರೆ ಸಿಗುವುದಿಲ್ಲ. ತಮ್ಮನಾದವರು ಆಫೀಸಿನ ಟೇಬಲ್ ಮೇಲಿನ ಗಾಜನ್ನೇ ಎತ್ತಿ ತಂದರು. ಅದರ ಮೇಲೆ ನೀರುಕಾಗದ ಹಾಸಿದೆ, ಬಣ್ಣ ಹೊಡೆಯುವವರು ನೀರು ಹಾಕಿ ಉಜ್ಜುವ ನಯವಾದ ಉಪ್ಪುಕಾಗದ ಅದು. ಬ್ಲೇಡಿನ ಮುಖಕ್ಕೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದು, ಅಂಗಾತ ಇಟ್ಟು, ಎಲ್ಲ ಕಡೆ ಒಂದೇ ಸಮ ಒತ್ತಿ ಎಳೆದೆ. ತಿರುಗಿಸಿ ನೋಡಿದರೆ ಎರಡು ತುದಿಯಲ್ಲಿ ಮಾತ್ರ ಕಪ್ಪು ಹೋಗಿತ್ತು. ನಡುವೆ ತಗ್ಗಿದೆ ಅಂತ ಅರ್ಥ. ಮತ್ತೆ ಬಳಿ, ಮತ್ತೆ ಎಳೆ. ಕಪ್ಪು ಎಲ್ಲ ಕಡೆ ಒಂದೇ ಸಮ ಮಾಯವಾಗುವವರೆಗೆ ಇದೇ ಕೆಲಸ. ಭುಜ ಬಿದ್ದುಹೋಯಿತು. ಮೋತಿ ಬಂದು ನನ್ನ ಮಂಡಿಗೆ ಡಿಕ್ಕಿ ಹೊಡೆದು, ಅಲ್ಲೇ ಒರಗಿ ಮಲಗಿತು.

ಒರೆಸಿ, ಮಿಷನ್ ಎಣ್ಣೆ ಹನಿಸಿ, ಜೋಡಿಸಿ, ಓಡಿಸಿದೆ. ಸದ್ದು ಇಂಪಾಗಿತ್ತು. ಮೋತಿಯ ಬಾಲದ ಗಂಟಿಗೆ ಹಿಡಿಯಲು ಹೊರಟೆ. ತಮ್ಮನಾದವರು ಕೈ ಅಡ್ಡ ಹಾಕಿದರು.

"ಅದ್ರ ಮೇಲೆ ಬ್ಯಾಡ ಅಕ್ಕ. ನೆನ್ನೆ ತುಂಬಾ ನೋವು ತಿಂದೈತೆ. ಮೊದ್ಲು ನಮ್ ಎಳೆ ಮೇಲೆ ನೋಡಿ."

ಒಳಗೆ ಹೋಗಿ ಒಂದು ಲೋಟ ಬಿಸಿನೀರಿನಲ್ಲಿ ಬೆಂದ ಗೂಡೊಂದನ್ನು ತಂದರು. ಬೆರಳ ತುದಿಯಲ್ಲಿ ಗೂಡನ್ನು ಸವರಿ, ಎಲ್ಲಿಂದಲೋ ತುದಿ ಹುಡುಕಿ, ಎಳೆದರು. ನನಗೆ ಮೊದಲು ಏನೂ ಕಾಣಲಿಲ್ಲ. ಅವರು ಕೈಯನ್ನು ಬಿಸಿಲಿಗೆ ಹಿಡಿದಾಗ ಮಿಂಚಿತು. ಒಂದು ಹುಳು ಉಗುಳಿದ ಒಂದೇ ಎಳೆ. ನಾನು ಹುಳು ಸಾಕುವವಳು, ಗೂಡು ಮಾರುವವರೆಗೆ ನನ್ನ ಲೆಕ್ಕ. ಅದರೊಳಗಿನ ಎಳೆಯನ್ನು ಹೀಗೆ ಒಂಟಿಯಾಗಿ ಕಣ್ಣೆದುರು ನೋಡಿದ್ದು ಅದೇ ಮೊದಲು. ಮುಟ್ಟಿದರೆ ಮುಟ್ಟಿದ ಹಾಗೇ ಅನ್ನಿಸಲಿಲ್ಲ. ನಮ್ಮ ಮನೆಯ ಆ ಸೊಪ್ಪು, ಆ ಸದ್ದು, ಅತ್ತೆಯ ಆ ಕಾವಲು ಎಲ್ಲ ಕೊನೆಗೆ ಇದಾಗುತ್ತದೆ.

ಎಳೆಯನ್ನು ಬ್ಲೇಡಿನ ಹಲ್ಲಿಗೆ ಅಡ್ಡ ಹಿಡಿದರು. ಕ್ಲಿಪ್ಪರ್ ಮುಂದೆ ತಳ್ಳಿದೆ. ಎಳೆ ತುಂಡಾಗಲಿಲ್ಲ. ಎರಡು ಬ್ಲೇಡಿನ ನಡುವೆ ಮಡಚಿಕೊಂಡು, ಹಾಗೇ ಹೊರಗೆ ಬಂತು.

ನನ್ನ ಮುಖ ಬಾಡಿದ್ದನ್ನು ನೋಡಿ ಅವರು, "ಸಂದು ಐತೆ," ಅಂದರು ಅಷ್ಟೆ. ಅವರೂ ನೂಲಿನ ಯಂತ್ರದ ಜೊತೆ ದಿನವಿಡೀ ಗುದ್ದಾಡುವವರು. ಬ್ಲೇಡುಗಳನ್ನು ಆಕಾಶದ ಬೆಳಕಿಗೆ ಹಿಡಿದು ನೋಡಿದೆ. ಹೌದು, ಎರಡರ ನಡುವೆ ಒಂದು ಕಡೆಯಲ್ಲಿ ಕೂದಲಿನಷ್ಟು ಬೆಳಕು. ಬ್ಲೇಡುಗಳನ್ನು ಒತ್ತಿ ಹಿಡಿಯುವ ಸ್ಪ್ರಿಂಗು ಅವಸರದಲ್ಲಿ ತನ್ನ ಗುಳಿಯಲ್ಲಿ ಕೂತಿರಲಿಲ್ಲ. ಮತ್ತೆ ಬಿಚ್ಚಿ, ಅದನ್ನು ಕೂರಿಸಿ, ಮೇಲಿನ ಬ್ಲೇಡನ್ನು ಕೆಳಗಿನದಕ್ಕಿಂತ ಒಂದು ಗೆರೆಯಷ್ಟು ಹಿಂದಕ್ಕೆ ಸರಿಸಿ ಬಿಗಿ ಮಾಡಿದೆ. ಈ ಗೆರೆ ಬಹಳ ಮುಖ್ಯ. ಸಮ ಇಟ್ಟರೆ ಚರ್ಮ ಕುಯ್ಯುತ್ತದೆ, ಅದೂ ಕಣ್ಣಿನ ಪಕ್ಕದಲ್ಲಿ. ಈ ಸಲ ಬೆಳಕಿಗೆ ಹಿಡಿದರೆ ಸಂದಿರಲಿಲ್ಲ.

ಅವರು ಇನ್ನೊಂದು ಎಳೆ ಎಳೆದರು. ನಾನು ಕ್ಲಿಪ್ಪರ್ ತಳ್ಳಿದೆ. ತುಂಡಾದದ್ದು ನನ್ನ ಕೈಗೆ ಗೊತ್ತೇ ಆಗಲಿಲ್ಲ, ಅವರ ಕೈಗೂ ಗೊತ್ತಾಗಲಿಲ್ಲ. ಅರ್ಧ ಎಳೆ ಬಿಸಿಲಲ್ಲಿ ಮಿಂಚುತ್ತಾ ನಿಧಾನಕ್ಕೆ ತೇಲಿಹೋಯಿತು. ಇಬ್ಬರೂ ಅದು ಹೋಗುವುದನ್ನೇ ನೋಡಿದೆವು. ಇಪ್ಪತ್ತು ಹಲ್ಲಿನ ಒಂದು ಕಬ್ಬಿಣದ ತುಂಡು ಅಷ್ಟು ಸಣ್ಣದನ್ನು ಅಷ್ಟು ಮೆತ್ತಗೆ ಕತ್ತರಿಸಬಲ್ಲದು ಅಂತ ಆವತ್ತಿನವರೆಗೂ ನಾನು ನಂಬಿರಲಿಲ್ಲ.

ಆಮೇಲೆ ಮೋತಿ. ತಮ್ಮ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ನಾನು ಸೊಂಟದಿಂದ ಶುರು ಮಾಡಿದೆ, ಬ್ಲೇಡನ್ನು ಚರ್ಮಕ್ಕೆ ಮಲಗಿಸಿ, ಗಂಟಿನ ಅಡಿಗೆ ತೂರಿಸಿ. ಕಂಬಳಿ ಎದ್ದುಬಂತು. ಒಂದೊಂದಾಗಿ ಅಲ್ಲ, ಹಾಳೆಯಾಗಿ, ಬಾಳೆ ಸಿಪ್ಪೆ ಬಿಟ್ಟುಕೊಂಡ ಹಾಗೆ. ಅಡಿಯಲ್ಲಿ ತಿಳಿ ಗುಲಾಬಿ ಚರ್ಮ, ಅಲ್ಲಲ್ಲಿ ಕೆಂಪಾಗಿ ಕೊಳೆತ ಜಾಗ. ಗಳಿಗೆಗೊಮ್ಮೆ ಬ್ಲೇಡನ್ನು ಮಣಿಕಟ್ಟಿಗೆ ಮುಟ್ಟಿಸಿಕೊಂಡು, ಬೆಚ್ಚಗಾದರೆ ಕಲ್ಲು ಚಪ್ಪಡಿಯ ಮೇಲೆ ತಣ್ಣಗಾಗಲು ಇಟ್ಟು ಕಾಯುತ್ತಿದ್ದೆ. ಎದೆಯ ಹತ್ತಿರ ಬಂದಾಗ ಅದರ ಗುಂಡಿಗೆ ತಾಳ ತಪ್ಪುತ್ತಿದ್ದದ್ದು ಬೆರಳಿಗೆ ತಿಳಿಯುತ್ತಿತ್ತು. ಆಗ ಕೆಲಸ ನಿಲ್ಲಿಸಿ, ಅದು ಉಸಿರು ಬಿಡುವವರೆಗೆ ಸುಮ್ಮನೆ ಕೂತಿರುತ್ತಿದ್ದೆವು. ಕುತ್ತಿಗೆ ಮುಟ್ಟುವಷ್ಟರಲ್ಲಿ ಮೋತಿ ನಿದ್ದೆ ಹೋಗಿತ್ತು. ನಿನ್ನೆ ನಡುಗಿದ ನಾಯಿ ಅದೇ ಕ್ಲಿಪ್ಪರಿನ ಸದ್ದಿಗೆ ಗೊರಕೆ ಹೊಡೆಯುತ್ತಿತ್ತು.

ಮುಖವನ್ನು ಕೊನೆಗೆ ಉಳಿಸಿಕೊಂಡಿದ್ದೆ. ಅಣ್ಣ ಬಂದು ಬಾಗಿಲಿಗೆ ಒರಗಿ ನಿಂತರು. ಕೈಯಲ್ಲಿ ಫೋನಿತ್ತು. ಮಾಗಡಿಯವರಿಗೆ ಹೇಳಿಟ್ಟಿದ್ದರು ಅಂತ ಕಾಣುತ್ತದೆ. ಎಡಗೈ ಹೆಬ್ಬೆರಳನ್ನು ಕಣ್ಣಿರಬೇಕಾದ ಜಾಗದ ಮೇಲೆ ಅಡ್ಡ ಇಟ್ಟುಕೊಂಡು, ಬ್ಲೇಡಿನ ಒಂದು ಮೂಲೆಯಿಂದ ಮಾತ್ರ ಕತ್ತರಿಸುತ್ತಾ ಹೋದೆ. ತಪ್ಪಿದರೆ ಮೊದಲು ನನ್ನ ಬೆರಳು ಹೋಗಲಿ ಎಂದು. ಹುಬ್ಬಿನ ಗಂಟು ಬಿತ್ತು. ಮೂಗಿನ ಎರಡೂ ಪಕ್ಕದ್ದು ಬಿತ್ತು. ರೆಪ್ಪೆಗಳು ಕೀವಿನಿಂದ ಅಂಟಿಕೊಂಡಿದ್ದವು. ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಇಟ್ಟು, ನೆನೆಯಲು ಬಿಟ್ಟೆ.

ಹತ್ತಿ ತೆಗೆದಾಗ ಎಡಗಣ್ಣು ತೆರೆಯಿತು. ಹಾಲು ಬೆರೆಸಿದ ಹಾಗೆ ಮಸುಕು. ಆಮೇಲೆ ಬಲಗಣ್ಣು ತೆರೆಯಿತು. ಕಂದು ಬಣ್ಣ, ತಿಳಿಯಾಗಿತ್ತು. ಬಿಸಿಲು ಚುಚ್ಚಿದಂತಾಗಿ ಮುಚ್ಚಿಕೊಂಡಿತು, ಮತ್ತೆ ತೆರೆಯಿತು. ನೋಡುತ್ತಿದೆಯೋ ಸುಮ್ಮನೆ ತೆರೆದಿದೆಯೋ ತಿಳಿಯಲಿಲ್ಲ.

ತಮ್ಮನಾದವರು ಲೋಟದ ಗೂಡಿನಿಂದ ಮತ್ತೊಂದು ಎಳೆ ಎಳೆದು, ಒಂದು ಮೊಳ ಕಿತ್ತು, ಅದರ ಮುಖದ ಮುಂದೆ ಗಾಳಿಗೆ ಬಿಟ್ಟರು. ಎಳೆಗೆ ಸದ್ದಿಲ್ಲ, ಗೂಡಿನ ವಾಸನೆ ಹಿತ್ತಿಲೆಲ್ಲ ಇದೆ. ಎಳೆ ಬಿಸಿಲಲ್ಲಿ ಮಿಂಚಿ ಎಡಕ್ಕೆ ತೇಲಿತು. ಮೋತಿಯ ಬಲಗಣ್ಣು ಎಡಕ್ಕೆ ಹೊರಳಿತು. ಎಳೆ ಮೇಲಕ್ಕೆ ಏರಿತು. ಮೋತಿ ತಲೆ ಎತ್ತಿತು.

ಬಾಗಿಲಲ್ಲಿದ್ದ ಅಣ್ಣ ಫೋನನ್ನು ಜೇಬಿಗೆ ಹಾಕಿಕೊಂಡರು. "ನಾಳೆ ಬೇಸಿನ್ ಹತ್ರ ಒಂದು ಅಡ್ಡಹಲಗೆ ಕಟ್ಬುಡಣ," ಅಂದರು. "ಒಂದು ಕಣ್ಣು ಸಾಕು, ಬಿಸಿ ಎಲ್ಲೈತೆ ಅಂತ ತಿಳ್ಕತದೆ."

ಮೋತಿ ತಮ್ಮನ ತೊಡೆಯ ಮೇಲಿನಿಂದ ಎದ್ದು, ಮೊದಲು ಅವರ ಕೈ ಮೂಸಿತು, ಅದು ಅದಕ್ಕೆ ಗೊತ್ತಿದ್ದ ಕೈ. ಆಮೇಲೆ ಕೈಯಿಂದ ತೋಳಿಗೆ, ತೋಳಿನಿಂದ ಮೇಲಕ್ಕೆ ಕಣ್ಣು ಹಾಯಿಸುತ್ತಾ ಅವರ ಮುಖಕ್ಕೆ ಬಂದು ನಿಂತಿತು. ಬಹಳ ಹೊತ್ತು ಹಾಗೇ ನೋಡಿತು.

"ಅಕ್ಕ," ಅಂದರು ಅವರು, ಕದಲದೆ, ಮೆಲ್ಲಗೆ. "ಇಷ್ಟು ದಿನ ಅನ್ನ ಹಾಕಿದ್ದು ಯಾರು ಅಂತ ಈಗ ನೋಡ್ತಾ ಐತೆ."

ನಾನು ಕ್ಲಿಪ್ಪರಿನ ಸ್ವಿಚ್ ಆರಿಸಿದೆ. ಅಷ್ಟು ಹೊತ್ತೂ ಅದು ಕಲ್ಲು ಚಪ್ಪಡಿಯ ಮೇಲೆ ಓಡುತ್ತಲೇ ಇತ್ತು, ನನಗೆ ನೆನಪೇ ಇರಲಿಲ್ಲ.